ಅವಳ ಕೈಯ ಅಳತೆಯ ಪಿಸ್ತೂಲು

ಇವತ್ತು ಬೆಳಿಗ್ಗೆ ಅಲಮಾರಿಯ ಮೇಲಿಂದ ಒಂದು ಸ್ಟೀಲಿನ ಡಬ್ಬಿ ಇಳಿಸಿದೆ. ಮುಚ್ಚಳ ತೆಗೆದೊಡನೆ ವಾಸನೆ ಬಂತು: ಕಟ್ಟಿಗೆಯ ಪುಡಿ, ಗ್ರೀಸು, ಅವುಗಳ ಹಿಂದೆ ಸಣ್ಣಗೆ ಜೀರಿಗೆ. ಈ ಡಬ್ಬಿ ಮೊದಲು ನಮ್ಮ ಮನೆಯ ಮಸಾಲೆ ಡಬ್ಬಿಯಾಗಿತ್ತು. ಆಮೇಲೆ ಅದಕ್ಕೆ ಬಡ್ತಿ ಸಿಕ್ಕಿತು. ಸಾಸಿವೆಯ ಬಟ್ಟಲಿಗೆ ಸ್ಕ್ರೂಗಳು ಬಂದವು, ಮೆಂತ್ಯದ ಬಟ್ಟಲಿಗೆ ಸಣ್ಣ ಸ್ಪ್ರಿಂಗುಗಳು, ಅರಿಸಿನದ ಬಟ್ಟಲಿಗೆ ರಬ್ಬರಿನ ಉಂಗುರಗಳು. ಆ ಉಂಗುರಗಳು ಈಗಲೂ ಸ್ವಲ್ಪ ಹಳದಿಯಾಗಿಯೇ ಇವೆ.

ಡಬ್ಬಿ ನನ್ನ ಹೆಂಡತಿ ಪ್ರಭಾಳದು. ಅವಳು ಹೋಗಿ ವರ್ಷವಾಗುತ್ತ ಬಂತು. ಅವಳ ಹತ್ತಿರ ಸ್ಪರ್ಧೆಯ ಪಿಸ್ತೂಲು ಇತ್ತು. ಅದರ ರಿಪೇರಿಯ ಸಾಮಾನು ಈ ಡಬ್ಬಿಯಲ್ಲಿ. ಪಿಸ್ತೂಲು ಎಂದೊಡನೆ ಹೆದರಬೇಡಿ. ಗಾಳಿಯ ಪಿಸ್ತೂಲು, ಕಾಗದದ ಗುರಿಗೆ ಸೀಸದ ಸಣ್ಣ ಗುಂಡು ಹೊಡೆಯುವಂಥದು. ಅದರ ಕಟ್ಟಿಗೆಯ ಹಿಡಿಕೆಯನ್ನು ಹೊಡೆಯುವವರು ತಮ್ಮ ಕೈಗೆ ಸರಿಯಾಗಿ ಉಜ್ಜಿಕೊಳ್ಳುತ್ತಾರೆ. ಪ್ರಭಾಳ ಹಿಡಿಕೆ ಪ್ರಭಾಳ ಕೈಗಷ್ಟೇ ಕೂರುತ್ತದೆ. ಇವತ್ತು ಮಧ್ಯಾಹ್ನ ಇಂದಾಪುರದಿಂದ ಸವಿತಾ ಎಂಬ ಹೆಣ್ಣುಮಗಳು ಬಂದು ಅದನ್ನು ಅರದಿಂದ ಉಜ್ಜಿ ತನ್ನ ಕೈಗೆ ಹೊಂದಿಸಿಕೊಳ್ಳುವವಳಿದ್ದಳು. ಬಾ ಎಂದವನು ನಾನೇ. ಬಂದ ಮೇಲೆ ಅರ ಮುಟ್ಟಿಸಲು ಬಿಡುತ್ತೇನೋ ಇಲ್ಲವೋ, ಅದೊಂದು ಮಾತ್ರ ನನಗೇ ಗೊತ್ತಿರಲಿಲ್ಲ.

ಸಾಮಾನಿನ ಮಾತು ಬಂದದ್ದಕ್ಕೆ ಇನ್ನೊಂದು ಕಾರಣವಿದೆ. ಶೂಟಿಂಗ್ ರೇಂಜಿನವರದೊಂದು ವಾಟ್ಸಾಪ್ ಗುಂಪಿದೆ. ಪ್ರಭಾಳ ಫೋನು ನನ್ನ ಹತ್ತಿರ ಇರುವುದರಿಂದ ನಾನೂ ಅದರಲ್ಲಿದ್ದೇನೆ. ಸತ್ತವರನ್ನು ಗುಂಪಿನಿಂದ ತೆಗೆಯುವ ಧೈರ್ಯ ಪುಣೆಯಲ್ಲಿ ಇನ್ನೂ ಯಾರಿಗೂ ಬಂದಿಲ್ಲ. ನಿನ್ನೆ ಹೊಸಬನೊಬ್ಬ ಕೇಳಿದ: ಮನೆಯಲ್ಲೇ ಪಿಸ್ತೂಲಿನ ಸಣ್ಣಪುಟ್ಟ ಕೆಲಸ ಮಾಡಿಕೊಳ್ಳಲು ಏನೇನು ಬೇಕು? ಸಬನೀಸ ಸಾಹೇಬರು ಉತ್ತರ ಕೊಟ್ಟರು. ಹೊರದೇಶದ ಸ್ಕ್ರೂಡ್ರೈವರುಗಳ ಪೆಟ್ಟಿಗೆ, ಹೊರದೇಶದ ಇಕ್ಕಳ, ದೀಪವಿರುವ ಭೂತಗನ್ನಡಿ, ನೆಲದ ಮೇಲೆ ಹಾಸುವ ವಿಶೇಷ ಚಾಪೆ, ಮುಂಗೈಗೊಂದು ಪಟ್ಟಿ. ಓದಿ ಮುಗಿಸುವ ಹೊತ್ತಿಗೆ ನನಗೆ ಒಂದು ಸಣ್ಣ ಆಸ್ಪತ್ರೆ ತೆರೆದ ಹಾಗಾಯಿತು.

ಸಬನೀಸ ಸಾಹೇಬರು ರೇಂಜಿನ ಹಿರಿಯರು. ಅವರ ಹತ್ತಿರ ಈ ಎಲ್ಲ ಸಾಮಾನೂ ಇದೆ. ಒಂದಕ್ಕೂ ಗೀರು ಬಿದ್ದಿಲ್ಲ. ಪ್ರತಿ ರವಿವಾರ ಅವನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತಾರೆ, ಮತ್ತೆ ಪೆಟ್ಟಿಗೆಗೆ ಇಡುತ್ತಾರೆ. ಪಿಸ್ತೂಲಿನದು ಒಂದು ಸ್ಕ್ರೂ ಸಡಿಲಾದರೂ ಅದು ಕೊರಿಯರಿನಲ್ಲಿ ಮುಂಬೈಗೆ ಹೋಗುತ್ತದೆ. ಪ್ರಭಾ ಅದನ್ನು ನೋಡಿ ಬಂದ ದಿನ ಹೇಳಿದ್ದಳು: “ರೀ, ಸಬನೀಸ ಸಾಹೇಬ್ರ ಸಾಮಾನು ನಮ್ಮವ್ವನ ಬೆಳ್ಳಿ ಭಾಂಡೆ ಇದ್ದಂಗ ನೋಡ್ರಿ. ಊಟಕ್ಕ ಸ್ಟೀಲಿಂದೇ ತಾಟು.”

ಅವಳು ಪಿಸ್ತೂಲು ಹಿಡಿದದ್ದೂ ಒಂದು ಕತೆಯೇ. ನಾವು ವಿಜಾಪುರದ ಕಡೆಯವರು. ನಾನು ಪುಣೆಯ ಪಕ್ಕದ ಚಿಂಚವಾಡದ ಕಾರ್ಖಾನೆಯೊಂದರಲ್ಲಿ ಸ್ಟೋರಿನ ಗುಮಾಸ್ತ, ಅವಳು ಕೋಥರೂಡದ ನಮ್ಮ ಮನೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಬೇಸಿಗೆ ರಜೆಯಲ್ಲಿ ಮಗಳನ್ನು ರೇಂಜಿನ ಶಿಬಿರಕ್ಕೆ ಸೇರಿಸಿದೆವು. ಮಗಳು ಕೆಲವೇ ದಿನಗಳಲ್ಲಿ ಕೈನೋವು ಎಂದು ಮನೆಯಲ್ಲಿ ಕೂತಳು. ಫೀ ಕಟ್ಟಿಯಾಗಿತ್ತು, ವಾಪಸು ಕೊಡುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿತ್ತು. ಗೋಡೆಯ ಮೇಲೆ ಬರೆದದ್ದನ್ನು ಪುಣೆಯಲ್ಲಿ ಬ್ರಹ್ಮನೂ ಅಳಿಸಲಾರ. “ಹಂಗಾರ ನಾನs ಹೋಗ್ತೀನಿ” ಎಂದು ಪ್ರಭಾ ಹೊರಟಳು. ದಿನವಿಡೀ ಸೂಜಿಯ ಕಣ್ಣಿಗೆ ದಾರ ಪೋಣಿಸುವವಳಿಗೆ ಹತ್ತು ಮೀಟರ್ ದೂರದ ಕರಿ ಚುಕ್ಕೆ ಏನು ಮಹಾ! ಮಗಳು ಮದುವೆಯಾಗಿ ಕೊಲ್ಲಾಪುರಕ್ಕೆ ಹೋದಳು. ತಾಯಿ ರೇಂಜಿಗೆ ಹೋಗುವುದು ನಿಲ್ಲಲಿಲ್ಲ. ಆಮೇಲೆ ಸ್ವಂತದ ಪಿಸ್ತೂಲೂ ಬಂತು.

ಪಿಸ್ತೂಲು ಮನೆಗೆ ಬಂದಾಗ ನಮ್ಮ ಹೌಸಿಂಗ್ ಸೊಸೈಟಿಯ ಚೇರ್ಮನ್ನರು ಕೂಡಲೇ ಬಂದರು. ಇದಕ್ಕೆ ಲೈಸೆನ್ಸ್ ಬೇಡವೇ, ಪೊಲೀಸರಿಗೆ ತಿಳಿಸಬೇಡವೇ, ಸೊಸೈಟಿಯ ನಿಯಮದಲ್ಲಿ ನಾಯಿಯ ಬಗ್ಗೆ ಇದೆ, ಪಿಸ್ತೂಲಿನ ಬಗ್ಗೆ ಇಲ್ಲ. ಪ್ರಭಾ ಚಹಾ ಕೊಟ್ಟು, ಇದಕ್ಕೆ ಬೇಡ ಎಂದು ಕಾನೂನು ತಿಳಿಸಿದಳು. ಅವರಿಗೆ ಸಮಾಧಾನವಾಗಲಿಲ್ಲ, ಆದರೆ ಅಂದಿನಿಂದ ನಮ್ಮ ಸ್ಕೂಟರಿನ ಜಾಗದಲ್ಲಿ ಅವರ ಕಾರು ನಿಲ್ಲುವುದು ನಿಂತಿತು. ಹತ್ತು ವರ್ಷ ಅರ್ಜಿ ಕೊಟ್ಟರೂ ಆಗದ ಕೆಲಸ.

ಮನೆಯಲ್ಲೇ ಪಿಸ್ತೂಲು ಬಿಚ್ಚುವ ವಿದ್ಯೆಗೆ ಮಾತ್ರ ಗುರು ನಮ್ಮ ಅವ್ವ. ಆ ವರ್ಷ ದಸರಾಕ್ಕೆ ಅವ್ವ ಊರಿಂದ ಬಂದಿದ್ದಳು. ಖಂಡೇ ಪೂಜೆಯ ದಿನ ಹೊಲಿಗೆ ಮಶೀನು, ಕತ್ತರಿ, ಈಳಿಗೆ, ನನ್ನ ಸ್ಕೂಟರು, ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿದಳು. ಮನೆಯಲ್ಲಿ ನಿಜವಾದ ಆಯುಧವೇ ಒಂದು ಇರುವಾಗ ಅದನ್ನು ಬಿಡುತ್ತಾಳೆಯೇ? ಪ್ರಭಾ ಸಂತೆಗೆ ಹೋದ ಹೊತ್ತಿನಲ್ಲಿ ಪಿಸ್ತೂಲನ್ನು ಮಣೆಯ ಮೇಲೆ ಇಟ್ಟು, ಒಂದು ಚಮಚ ಕೊಬ್ಬರಿ ಎಣ್ಣೆಯಿಂದ ಅಭಿಷೇಕ ಮಾಡಿ, ಕುಂಕುಮ ಏರಿಸಿ, ಅಕ್ಷತೆ ಹಾಕಿದಳು. ಅಕ್ಷತೆ ಗುಂಡು ಹಾಕುವ ಕಿಂಡಿಗೇ ಹೋಯಿತು. ದೇವರಿಗೆ ಗುರಿ ಚೆನ್ನಾಗಿ ಗೊತ್ತು.

ಪ್ರಭಾ ಬಂದು ನೋಡಿ ಪಿಸ್ತೂಲನ್ನು ಮಣೆಯಿಂದ ಎತ್ತಿಕೊಂಡಳು. ಗಾಳಿಯ ಪಿಸ್ತೂಲಿಗೆ ಇಂಥ ಎಣ್ಣೆ ವಿಷ. ಒಳಗಿನ ರಬ್ಬರನ್ನು ತಿಂದು ಹಾಕುತ್ತದೆ. ಟ್ರಿಗರ್ ಒತ್ತಿದರೆ ಹಲ್ಲಿನಲ್ಲಿ ಮರಳು ಸಿಕ್ಕಂತೆ ಕರಕರ.

“ಅತ್ತಿ, ಇದಕ್ಕ ಎಣ್ಣಿ ಹಚ್ಚಬಾರ್ದ್ರಿ.”

“ಯಾಕ ಹಚ್ಚಬಾರ್ದು? ಎಣ್ಣಿ ಇಲ್ದ ಯಾವ ಮಶೀನು ನಡದೈತಿ?”

“ಒಳಗ ಅಕ್ಕಿಕಾಳು ಹೋಗ್ಯಾವ್ರಿ.”

“ಹೋಗ್ಲೇಳು. ಆಯುಧದ ಹೊಟ್ಟಿನೂ ತುಂಬಬೇಕಲ್ಲ.”

ಸಬನೀಸ ಸಾಹೇಬರಿಗೆ ಫೋನು ಹೋಯಿತು. ಮುಂಬೈಗೆ ಕಳಿಸಿ, ಎರಡು ತಿಂಗಳಲ್ಲಿ ಬರುತ್ತದೆ ಎಂದರು. ಸ್ಪರ್ಧೆ ದೀಪಾವಳಿಗೆ ಮೊದಲೇ ಇತ್ತು. ಪ್ರಭಾ ಊಟದ ತಾಟಿನಲ್ಲಿ ಬಿಳಿ ಬಟ್ಟೆ ಹಾಸಿದಳು. ತಾಟಿಗೆ ಅಂಚು ಇರುವುದರಿಂದ ಸ್ಪ್ರಿಂಗು ಹಾರಿದರೂ ಓಡಿ ಹೋಗುವುದಿಲ್ಲ, ಬಿಳಿ ಬಟ್ಟೆಯ ಮೇಲೆ ಕಪ್ಪು ಸ್ಕ್ರೂ ಅಡಗಿ ಕೂರುವುದಿಲ್ಲ. ಗಾಳಿಯ ಸಿಲಿಂಡರನ್ನು ಮೊದಲು ಬಿಚ್ಚಿ ಬೇರೆ ಕೋಣೆಯಲ್ಲಿ ಇಟ್ಟಳು. ಹೊಲಿಗೆ ಮಶೀನಿನ ಸಣ್ಣ ಸ್ಕ್ರೂಡ್ರೈವರು, ಹುಬ್ಬಿನ ಚಿಮುಟ, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ನನ್ನಿಂದ ಟಾರ್ಚು. ಒಂದೊಂದು ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ. ಅಕ್ಕಿಕಾಳು ಸಿಕ್ಕಿತು. ಅವ್ವ ಅದನ್ನು ಕಣ್ಣಿಗೆ ಒತ್ತಿಕೊಂಡು ಪ್ರಸಾದವೆಂದು ನನಗೆ ಕೊಟ್ಟಳು. ನಾನು ತಿಂದೆ. ಬೇರೆ ದಾರಿ ಇರಲಿಲ್ಲ.

ಬಿಚ್ಚುವುದು ಸುಲಭ, ಜೋಡಿಸುವುದೂ ಬಹಳ ಕಷ್ಟವಲ್ಲ. ಸರಿಯಾದ ಮೇಲೆ ಕೈ ತೆಗೆಯುವುದೇ ಕಷ್ಟ. ಪ್ರಭಾಗೆ ಆ ರುಚಿ ಹತ್ತಿತು. ಟ್ರಿಗರ್ ಇನ್ನೂ ಸ್ವಲ್ಪ ಹಗುರಾಗಲಿ ಎಂದು ಸ್ಕ್ರೂ ತಿರುವುವುದು. ಇಲ್ಲೊಂದು ನಿಯಮವಿದೆ. ಸ್ಪರ್ಧೆಗೆ ಮೊದಲು ತಪಾಸಣೆಯ ಮೇಜಿನಲ್ಲಿ ಪಿಸ್ತೂಲನ್ನು ಮೇಲ್ಮುಖ ಹಿಡಿದು, ಟ್ರಿಗರಿಗೆ ಅರ್ಧ ಕಿಲೋ ತೂಕ ಸಿಕ್ಕಿಸಿ ಎತ್ತುತ್ತಾರೆ. ತೂಕ ಮೇಲೇಳಬೇಕು, ಟ್ರಿಗರ್ ಜಾರಬಾರದು. ಜಾರಿದರೆ ಪಿಸ್ತೂಲು ಫೇಲು. ಎಲ್ಲರೂ ಇದಕ್ಕೆಂದೇ ಹಿತ್ತಾಳೆಯ ತೂಕ ತರಿಸುತ್ತಾರೆ. ಪ್ರಭಾ ಅಡುಗೆಮನೆಗೆ ಹೋಗಿ ಅರ್ಧ ಕಿಲೋ ತೊಗರಿಬೇಳೆಯ ಪಾಕೀಟು ತಂದಳು. ನಮ್ಮ ಓಣಿಯ ಕಿರಾಣಿ ಅಂಗಡಿಯವನು ತಾನೇ ತೂಗಿ ಕಟ್ಟಿದ ಪಾಕೀಟು. ಅದಕ್ಕೆ ಸುತಳಿ ಕಟ್ಟಿ ಟ್ರಿಗರಿಗೆ ನೇತುಹಾಕಿ, ಬೇಳೆ ಏಳುವಷ್ಟೇ ಬಿಗಿ ಇಟ್ಟಳು. ಒಂದು ಕೂದಲಿನಷ್ಟೂ ಹೆಚ್ಚಿಲ್ಲ.

ಸ್ಪರ್ಧೆಯ ದಿನ ತಪಾಸಣೆಯ ಮನುಷ್ಯ ತನ್ನ ತೂಕ ಸಿಕ್ಕಿಸಿ ಎತ್ತಿದ. ಟಪ್. ಮತ್ತೊಮ್ಮೆ. ಟಪ್. ಪಕ್ಕದಲ್ಲಿದ್ದ ಸಬನೀಸ ಸಾಹೇಬರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಯಾರದೋ ಮನೆಯ ದೀಪ ಆರಿದ ಹಾಗೆ. ಪ್ರಭಾ ಅಲ್ಲೇ ಸ್ಕ್ರೂ ಬಿಗಿ ಮಾಡಿ ಹೇಗೋ ಪಾಸಾದಳು, ಆದರೆ ಗುರುತಿಲ್ಲದ ಟ್ರಿಗರಿನಿಂದ ಎಲ್ಲೆಲ್ಲೋ ಹೊಡೆದಳು.

ವಾಪಸು ಬರುವಾಗ ಮನೆಗೆ ಬರಲಿಲ್ಲ. ಪಿಸ್ತೂಲಿನ ಪೆಟ್ಟಿಗೆ ಹಿಡಿದುಕೊಂಡೇ ಕಿರಾಣಿ ಅಂಗಡಿಗೆ ಹೋದಳು. ನಾನು ಹಿಂದೆ. ಬೇಳೆಯ ಪಾಕೀಟನ್ನು ಪೆಟ್ಟಿಗೆಯಿಂದಲೇ ತೆಗೆದು ಅವನ ತಕ್ಕಡಿಯ ಮೇಲೆ ಇಟ್ಟಳು.

“ಭಾವೂ, ತುಮಚ್ಯಾ ಡಾಳೀನೆ ಮಾಝಂ ಪಿಸ್ತೂಲ್ ನಾಪಾಸ್ ಕೇಲಂ,” ಎಂದಳು. ನಿಮ್ಮ ಬೇಳೆ ನನ್ನ ಪಿಸ್ತೂಲನ್ನು ನಪಾಸು ಮಾಡಿತು.

ಇಂಥ ದೂರು ಅವನ ಜನ್ಮದಲ್ಲಿ ಬಂದಿರಲಿಕ್ಕಿಲ್ಲ. ತೆರೆದ ಪೆಟ್ಟಿಗೆಯನ್ನು ನೋಡಿದ, ತಕ್ಕಡಿಯನ್ನು ನೋಡಿದ, ಒಂದು ಹಿಡಿ ಬೇಳೆ ಸುರಿದ. ಆಮೇಲೆ ಇನ್ನೊಂದು ಹಿಡಿ. ಅಂದಿನಿಂದ ನಮ್ಮ ಮನೆಗೆ ಬರುವ ಪ್ರತಿ ಪಾಕೀಟು ತುಸು ಭಾರವಾಗಿಯೇ ಬರುತ್ತಿತ್ತು. ಪ್ರಭಾ ಹೋದ ಮೇಲೆ ಆತ ಮನೆಗೆ ಬಂದು ಕೈ ಜೋಡಿಸಿ ಅತ್ತ. ಮುಂದಿನ ತಿಂಗಳಿಂದ ಪಾಕೀಟು ಹಗುರಾಯಿತು. ಅವಳ ಸಾವನ್ನು ನಮ್ಮ ಓಣಿಯಲ್ಲಿ ಕರಾರುವಾಕ್ಕಾಗಿ ತೂಗಿದವನು ಅವನೊಬ್ಬನೇ.

ಉಳಿದವರ ದುಃಖ ಇದಕ್ಕಿಂತ ದೊಡ್ಡದಾಗಿತ್ತು. ಚೌಕಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸ್ ಬಂತು, ಸಬನೀಸ ಸಾಹೇಬರ ಖರ್ಚು. ಅದರಲ್ಲಿ ಪ್ರಭಾ ಒಂದು ಕೈ ಚಾಚಿ ನೇರವಾಗಿ ಬಸ್ ಸ್ಟಾಪಿಗೆ ಗುರಿ ಇಟ್ಟಿದ್ದಳು. ಕೆಳಗೆ ದುಃಖಿಸುವವರ ಫೋಟೋಗಳು, ಅವರಲ್ಲಿ ಅವಳನ್ನು ನೋಡಿದವರು ಒಬ್ಬಿಬ್ಬರು. ಗಾಳಿಗೆ ಫ್ಲೆಕ್ಸ್ ಅಲ್ಲಾಡಿದಾಗ ಬಸ್ಸಿಗೆ ಕಾಯುವ ಮುದುಕರು ಸ್ವಲ್ಪ ಪಕ್ಕಕ್ಕೆ ಸರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ನಾನೂ ನಗಬೇಕೆಂದು ನೋಡಿದೆ. ಅರ್ಧಕ್ಕೆ ನಿಂತಿತು.

ಇನ್ನು ಹಿಡಿಕೆಯ ವಿಷಯ. ಹೊಸ ಪಿಸ್ತೂಲಿನ ಹಿಡಿಕೆ ಯಾರ ಕೈಗೂ ಸರಿ ಬರುವುದಿಲ್ಲ. ಅಂಗೈಗೆ ಎಲ್ಲಿ ಒತ್ತುತ್ತದೆಯೋ ಅಲ್ಲಿ ಅರದಿಂದ ಉಜ್ಜಬೇಕು, ಎಲ್ಲಿ ಸಂದು ಬಿಡುತ್ತದೆಯೋ ಅಲ್ಲಿ ಪುಟ್ಟಿ ಮೆತ್ತಿ ಒಣಗಿಸಿ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ಹಿಡಿದು ನೋಡುವುದು, ಇಡುವುದು, ಉಜ್ಜುವುದು. ಪ್ರಭಾಗೆ ಒಂದು ಮಳೆಗಾಲವೆಲ್ಲ ಅದೇ ಕೆಲಸ. ಚಪಾತಿಯಲ್ಲಿ ಕಟ್ಟಿಗೆಯ ಪುಡಿ ಬರುತ್ತಿತ್ತು. ನಾನು ದೂರಿದರೆ, “ನಾರು ಅಂಶ ಇರ್ಲಿ ಬಿಡ್ರಿ, ಡಾಕ್ಟರ್ ಹೇಳ್ಯಾರಲ್ಲ” ಎನ್ನುತ್ತಿದ್ದಳು. ಕೊನೆಗೆ ಒಂದು ದಿನ ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ಕಣ್ಣು ತೆರೆದಾಗ ಗುರಿ ನೇರ ಇತ್ತು. “ಆತು,” ಎಂದಳು. ಅರವನ್ನು ಡಬ್ಬಿಗೆ ಹಾಕಿದಳು.

ಆಮೇಲೆ ಬಹಳ ವರ್ಷ ಹಿಡಿಕೆಯನ್ನು ಮುಟ್ಟಲಿಲ್ಲ. ಮತ್ತೆ ಪುಟ್ಟಿಯ ಡಬ್ಬಿ ತೆಗೆದದ್ದು ಕಾಯಿಲೆ ಬಂದ ಮೇಲೆ. ಕ್ಯಾನ್ಸರ್. ಔಷಧಿ ಹಾಕಿಸಿಕೊಂಡು ಬಂದು ಒಂದು ವಾರ ಮಲಗುತ್ತಿದ್ದಳು, ಎದ್ದ ಕೂಡಲೇ ರೇಂಜಿಗೆ. “ರೀ, ಹಿಡಕಿ ಸಡಲಾಗೇದ,” ಎಂದಳು ಒಂದು ದಿನ. ಕಟ್ಟಿಗೆ ಒಣಗಿ ಸಣ್ಣದಾಗಿರಬೇಕು ಎಂದು ತಾನೇ ಕಾರಣ ಕೊಟ್ಟಳು. ಪುಟ್ಟಿ ಮೆತ್ತಿದಳು. ಎರಡು ತಿಂಗಳ ಮೇಲೆ ಮತ್ತೆ ಸಡಿಲು, ಮತ್ತೆ ಪುಟ್ಟಿ. ಈ ಸಲ ಕಟ್ಟಿಗೆ ಬಹಳ ಒಣಗುತ್ತಿದೆ ಎಂದು ನಾನೂ ಹೇಳಿದೆ. ಬಳೆಗಳು ಮೊಣಕೈವರೆಗೆ ಜಾರುವುದು ನನಗೆ ಕಾಣುತ್ತಿತ್ತು, ಅವಳಿಗೂ ಕಾಣುತ್ತಿತ್ತು. ಅದರ ಬಗ್ಗೆ ನಾವು ಮಾತಾಡುತ್ತಿರಲಿಲ್ಲ. ಕಟ್ಟಿಗೆಯ ಬಗ್ಗೆ ಮಾತಾಡುತ್ತಿದ್ದೆವು. ಕಟ್ಟಿಗೆಯ ಬಗ್ಗೆ ಅಷ್ಟು ತಿಳಿದ ಗಂಡ ಹೆಂಡತಿ ಬಡಿಗರ ಮನೆಯಲ್ಲೂ ಇರಲಿಕ್ಕಿಲ್ಲ.

ಅವಳು ಹೋದ ಮೇಲೆ ಪಿಸ್ತೂಲಿಗೆ ಇಬ್ಬರು ಬೇಡಿಕೆ ಇಟ್ಟರು. ಸಬನೀಸ ಸಾಹೇಬರಿಗೆ ಅದು ರೇಂಜಿನ ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬೇಕು. ಒಳಗೊಂದು ದೀಪ, ಕೆಳಗೊಂದು ಹಿತ್ತಾಳೆಯ ಫಲಕ, ಉದ್ಘಾಟನೆಗೆ ನಗರಸೇವಕರು, ಎಂದರೆ ನಮ್ಮ ವಾರ್ಡಿನ ಕಾರ್ಪೊರೇಟರು. ಸವಿತಾಗೆ ಅದು ಹೊಡೆಯಲು ಬೇಕು. ಸವಿತಾ ಇಂದಾಪುರ ಡಿಪೋದಲ್ಲಿ ಎಸ್‌ಟಿ ಬಸ್ಸಿನ ಕಂಡಕ್ಟರ್, ತವರು ಸೊಲ್ಲಾಪುರದ ಕಡೆ. ವಾರದ ರಜೆಗೆ ಪುಣೆಗೆ ಬಂದು ರೇಂಜಿನ ಹಳೆಯ ಪಿಸ್ತೂಲಿನಿಂದ ಹೊಡೆಯುತ್ತಿದ್ದಳು. ಪ್ರಭಾ ಅವಳಿಗೆ ಕಲಿಸುತ್ತಿದ್ದಳು, ಬೈಯುತ್ತಲೂ ಇದ್ದಳು: “ಟಿಕೇಟ ಹರದಂಗ ಟ್ರಿಗರ್ ಎಳೀಬ್ಯಾಡ, ಮುಂದಿನ ಸ್ಟಾಪ್ ಇನ್ನೂ ದೂರ ಅದ!”

ನಾನು ಇಬ್ಬರಿಗೂ ಕೊಡಲಿಲ್ಲ. ಪಿಸ್ತೂಲನ್ನು ಅವಳ ಸೀರೆಗಳ ಕೆಳಗೆ ಇಟ್ಟು, ಸಂಜೆ ಒಮ್ಮೊಮ್ಮೆ ತೆಗೆದು ಆ ಹಿಡಿಕೆಯನ್ನು ಹಿಡಿದು ಕೂರುತ್ತಿದ್ದೆ. ನನ್ನ ಬೆರಳುಗಳು ಅದರಲ್ಲಿ ಕೂರುವುದಿಲ್ಲ. ಆದರೂ ಈ ಲೋಕದಲ್ಲಿ ಅವಳ ಕೈಯ ಅಚ್ಚು ಉಳಿದದ್ದು ಅದೊಂದೇ ಎಂದು ನನ್ನ ಲೆಕ್ಕ. ಗಾಜಿನ ಪೆಟ್ಟಿಗೆಯನ್ನು ನೋಡಿ ನಕ್ಕವನು ನಾನು; ನನ್ನದೂ ಗಾಜಿನ ಪೆಟ್ಟಿಗೆಯೇ, ನಗರಸೇವಕರನ್ನು ಕರೆದಿರಲಿಲ್ಲ ಅಷ್ಟೆ. ಸವಿತಾ ಮುಂದಿನ ತಿಂಗಳ ರಾಜ್ಯ ಸ್ಪರ್ಧೆಗೆ ಆಯ್ಕೆಯಾದಳೆಂದು ಕೇಳಿದಾಗ ಬಾಯಿಂದ ‘ಬಾ’ ಎಂದು ಬಿದ್ದುಹೋಯಿತು.

ಅವಳು ಎರಡು ಗಂಟೆಗೆ ಬಂದಳು. ಪಿಸ್ತೂಲನ್ನು ಕೈಗೆ ಕೊಟ್ಟೆ. ತುಂಬಿದ, ಅಗಲವಾದ ಕೈ. ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು.

“ಭಾಳ ದಪ್ಪ ಅದ್ರಿ ಕಾಕಾ. ಬೆರಳು ಸುತ್ತಿ ಬರಾಂಗಿಲ್ಲ.”

“ಹಂಗs ರೂಢಿ ಆಗ್ತದೇನೋ ನೋಡವ್ವ,” ಎಂದೆ. ಎಂಥ ಮಾತು! ಬೇರೆಯವರ ಚಪ್ಪಲಿ ಕೊಟ್ಟು ಕಾಲು ರೂಢಿಯಾಗುತ್ತದೆ ಎಂದ ಹಾಗೆ.

ಅವಳು ಡಬ್ಬಿಯ ಕಡೆ ನೋಡಿದಳು, ನನ್ನ ಮುಖ ನೋಡಿದಳು. ಪಿಸ್ತೂಲನ್ನು ಮೆಲ್ಲಗೆ, ನಾನು ಬಿಳಿ ಬಟ್ಟೆ ಹಾಸಿಟ್ಟಿದ್ದ ತಾಟಿನಲ್ಲಿ ಇಟ್ಟಳು. “ನಿಮಗ ಮನಸ್ಸಿಲ್ಲಂದ್ರ ಬ್ಯಾಡ್ರಿ. ರೇಂಜಿಂದು ಅದಲ್ಲ, ಅದರಾಗs ಹೊಡೀತೀನಿ. ಕಾಕೂ ಇದ್ರ ಬೈದಿರತಿದ್ರು, ನಿಮಗಲ್ಲ, ನನಗ.”

“ಅಕಿ ನನಗs ಬೈದಿರತಿದ್ಲು,” ಎಂದು ಹಿಡಿಕೆಯ ಸ್ಕ್ರೂ ಬಿಚ್ಚಿ, ಅರವನ್ನು ನಾನೇ ಎತ್ತಿಕೊಂಡೆ. ಬೇರೆಯವರ ಕೈಯಿಂದ ಆಗುವುದನ್ನು ನೋಡಲಾರೆ. ನನ್ನ ಕೈಯಿಂದಾದರೆ ಕಡಿಮೆ ಉಜ್ಜಬಹುದು ಎಂಬ ಲೋಭವೂ ಇತ್ತು. ಪೇಪರು ಹಾಸಿ ಕೂತೆ. ಒಂದು, ಎರಡು ಸಲ ಎಳೆದೆ. ಸ್ವಲ್ಪ ಬಿಳಿ ಪುಡಿ ಬಿತ್ತು.

ಸವಿತಾ ನೋಡುವಷ್ಟು ನೋಡಿದಳು. “ಕಾಕಾ, ಉಜ್ಜಾಕತ್ತೀರೋ, ಸವರಾಕತ್ತೀರೋ?”

ನಗು ಬಂತು. ಈ ಸಲ ಅರ್ಧಕ್ಕೆ ನಿಲ್ಲಲಿಲ್ಲ. ಜೋರಾಗಿ ಎಳೆದೆ. ಮಧ್ಯಾಹ್ನದ ನಿದ್ದೆ ಕೆಟ್ಟಿತೆಂದು ಪಕ್ಕದ ಮನೆಯವರು ಗೋಡೆ ಬಡಿದರು. ಅವರಿಗೂ ಲಯ ಸಿಕ್ಕಂತೆ ಕಾಣಿಸಿತು. ಮೇಲಿನ ಪುಟ್ಟಿ ಹೋಯಿತು, ಅದರ ಕೆಳಗೆ ಇನ್ನೊಂದು ಪದರ, ಸ್ವಲ್ಪ ಹಳದಿಯಾದದ್ದು. ಅದರ ಕೆಳಗೆ ಮತ್ತೊಂದು. ಕೊನೆಯ ದೀಪಾವಳಿ, ಅದಕ್ಕೆ ಮೊದಲಿನ ಗಣಪತಿ ಹಬ್ಬ, ಅದಕ್ಕೂ ಮೊದಲಿನ ಮಳೆಗಾಲ. ಕಟ್ಟಿಗೆ ಒಣಗಿದೆ ಎಂದು ನಾವು ಹೇಳಿಕೊಂಡ ಒಂದೊಂದು ಸಲವೂ ಪುಡಿಯಾಗಿ ಪೇಪರಿನ ಮೇಲೆ ಬೀಳುತ್ತಿತ್ತು. ಆಮೇಲೆ ಅರದ ಸದ್ದು ಬದಲಾಯಿತು. ಕೈ ನಿಲ್ಲಿಸಿ ನೋಡಿದೆ. ಕಂದು ಬಣ್ಣದ ಕಟ್ಟಿಗೆ, ವರ್ಷಗಳ ಕಾಲ ಅಂಗೈ ತಾಗಿ ನುಣುಪಾದದ್ದು. ಎಲ್ಲೂ ಒಣಗಿರಲಿಲ್ಲ.

ಪಾಲಿಶ್ ಪೇಪರು ತಿಕ್ಕಿ, ಹಿಡಿಕೆಯನ್ನು ಮತ್ತೆ ಕೂರಿಸಿ ಕೊಟ್ಟೆ. ಸವಿತಾ ಹಿಡಿದಳು. ಬೆರಳುಗಳು ಒಂದೊಂದಾಗಿ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಕಣ್ಣು ಮುಚ್ಚಿ ಕೈ ಎತ್ತಿದಳು, ತೆರೆದಳು.

“ಈಗ ಬಂತ್ ನೋಡ್ರಿ ಕಾಕಾ.”

ನಾನು ಆ ಕೈಯನ್ನೇ ನೋಡುತ್ತ ಕೂತೆ. ಪ್ರಭಾಳ ಕೈ ಒಂದು ಕಾಲಕ್ಕೆ ಇಷ್ಟು ತುಂಬಿಕೊಂಡಿತ್ತು. ಹಿಟ್ಟು ನಾದುವಾಗ, ಕತ್ತರಿ ಹಿಡಿದಾಗ, ನನ್ನ ಬೆನ್ನಿಗೆ ಗುದ್ದಿದಾಗ ಇದ್ದದ್ದು ಈ ಕೈ. ವರ್ಷದಿಂದ ನಾನು ಸೀರೆಯ ಕೆಳಗೆ ಕಾಪಾಡಿಕೊಂಡು ಬಂದದ್ದು ಆಸ್ಪತ್ರೆಯ ಮಂಚದ ಮೇಲಿದ್ದ ಕೈಯನ್ನು.

ಸವಿತಾ ಪಿಸ್ತೂಲನ್ನು ಪೆಟ್ಟಿಗೆಯಲ್ಲಿ ಇಟ್ಟಳು. ಐದರ ಬಸ್ಸು ಹಿಡಿಯಬೇಕಿತ್ತು ಅವಳಿಗೆ. ಪೇಪರಿನ ನಾಲ್ಕು ಮೂಲೆ ಎತ್ತಿ, ಪುಡಿಯನ್ನು ನಡುವೆ ಕೂಡಿಸಿ ಕೇಳಿದಳು: “ಇದನ್ನ ಏನ್ ಮಾಡ್ಲಿ ಕಾಕಾ? ಇಡ್ತೀರೇನು?”

ಇಡುತ್ತೇನೆಂದೇ ಅವಳು ಅಂದುಕೊಂಡಿದ್ದಳು. ಒಂದು ಸಣ್ಣ ಡಬ್ಬಿ ಹುಡುಕಲು ಅವಳ ಕಣ್ಣು ಅಡುಗೆಮನೆಯ ಕಡೆ ಹೋಗಿತ್ತು.

“ಬ್ಯಾಡವ್ವ,” ಎಂದೆ. “ಒಣ ಕಸದಾಗ ಹಾಕು.”